ದಂಡಿನ ಲೆಕ್ಕಕ್ಕೊಂದು ನಕ್ಷೆ: ಸೈನ್ಯದ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಬೇಕಾದರೆ ಏನು ಬೇಕು?

ನವೆಂಬರ್ ಬಂತೆಂದರೆ ಜಾಲಹಳ್ಳಿ, ಹಲಸೂರು ಕಡೆಯ ಸೈಬರ್ ಸೆಂಟರುಗಳಲ್ಲಿ ಬೆಳಗ್ಗೆಯೇ ಸಾಲು ನಿಲ್ಲುತ್ತದೆ. ಸಾಲಿನಲ್ಲಿ ಬಹಳ ಮಂದಿ ನಿವೃತ್ತ ಸೈನಿಕರು, ಸೈನಿಕರ ವಿಧವೆಯರು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಅದರೊಳಗೆ ಪಿಂಚಣಿ ಮಂಜೂರಾದ ಆದೇಶ (ಪಿಪಿಒ), ಡಿಸ್ಚಾರ್ಜ್ ಬುಕ್ಕು, ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ಕು. ಎಲ್ಲರೂ ಬಂದಿರುವುದು ಜೀವನ ಪ್ರಮಾಣ ಪತ್ರ, ಅಂದರೆ ಪಿಂಚಣಿ ಮುಂದುವರಿಯಲು ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಕೊಡುವ ಪತ್ರ, ಸಲ್ಲಿಸುವುದಕ್ಕೆ.

ನಮ್ಮ ಬೀದಿಯ ನಿವೃತ್ತ ಸುಬೇದಾರರೊಬ್ಬರಿಗೆ ನಾನು ಈ ಕೆಲಸದಲ್ಲಿ ನೆರವಾಗುತ್ತೇನೆ. ಒಮ್ಮೆ ಅವರ ಹೆಸರು ಒಂದು ಕಡೆ ಇನಿಷಿಯಲ್ ಮೊದಲು, ಇನ್ನೊಂದು ಕಡೆ ಇನಿಷಿಯಲ್ ಕೊನೆಗೆ ಇದ್ದದ್ದರಿಂದ ಅರ್ಜಿ ವಾಪಸು ಬಂತು. ಅವರು ಕೇಳಿದರು: “ಇಪ್ಪತ್ತೆಂಟು ವರ್ಷ ಸರ್ವೀಸು ಮಾಡಿದೀನಿ. ನನ್ನ ಹೆಸರು, ನಂಬರು, ಹುಟ್ಟಿದ ದಿನ ಎಲ್ಲಾ ಅವರ ಹತ್ರಾನೇ ಇದೆ. ಮತ್ತೆ ಮತ್ತೆ ನನ್ನನ್ನೇ ಯಾಕಪ್ಪಾ ಕೇಳ್ತಾರೆ?”

ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಎದುರಾಗುವುದು ಸಾಫ್ಟ್‌ವೇರ್ ಜಗತ್ತಿನ ಒಂದು ದೊಡ್ಡ ಹೆಸರಿನ ವಿಷಯ, ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಪಹಣಿಗೆ ಓಡಾಡಿದವರಿಗೆಲ್ಲ ಇದರ ಅರ್ಧ ಪಾಠ ಆಗಲೇ ಆಗಿದೆ.

ಬಂದೂಕಿನ ಹಿಂದಿರುವ ಕಚೇರಿ

ಸೈನ್ಯ ಅಂದಾಗ ನಮ್ಮ ಕಣ್ಣಿಗೆ ಬರುವುದು ಟ್ಯಾಂಕು, ವಿಮಾನ, ಗಡಿಯ ಕಾವಲು. ಆದರೆ ಸೈನಿಕ ಭರ್ತಿಯಾದ ದಿನದಿಂದ ಅವನ ಹಿಂದೆ ಇನ್ನೊಂದು ಯಂತ್ರ ತಿರುಗುತ್ತಿರುತ್ತದೆ. ತಿಂಗಳ ಸಂಬಳ, ರಜೆ, ವರ್ಗಾವಣೆ, ಬಡ್ತಿ, ರೇಷನ್, ಬೂಟು, ಕ್ವಾರ್ಟರ್ಸು, ಆಸ್ಪತ್ರೆ ಬಿಲ್ಲು, ಗುತ್ತಿಗೆದಾರರ ಪಾವತಿ, ಕೊನೆಗೆ ಪಿಂಚಣಿ, ಅವನ ಕಾಲಾನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಇವನ್ನೆಲ್ಲ ನಡೆಸುವ ಕಂಪ್ಯೂಟರ್ ವ್ಯವಸ್ಥೆಗಳಿಗೆ ‘ಬಿಸಿನೆಸ್ ಸಿಸ್ಟಮ್’ ಎನ್ನುತ್ತಾರೆ. ಇಲ್ಲಿ ಬಿಸಿನೆಸ್ ಅಂದರೆ ವ್ಯಾಪಾರವಲ್ಲ, ಸಂಸ್ಥೆಯ ದಿನನಿತ್ಯದ ಆಡಳಿತ. ಕ್ಷಿಪಣಿಗೆ ದಾರಿ ತೋರುವ ಸಾಫ್ಟ್‌ವೇರ್ ಈ ಲೆಕ್ಕಕ್ಕೆ ಬರುವುದಿಲ್ಲ.

ಇದು ಸಣ್ಣ ವ್ಯವಹಾರವೇನೂ ಅಲ್ಲ. ಭಾರತದ 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಯ ಪಾಲೇ ಸುಮಾರು 1.6 ಲಕ್ಷ ಕೋಟಿ. ಅದನ್ನು ಪಡೆಯುವವರು 30 ಲಕ್ಷಕ್ಕೂ ಹೆಚ್ಚು.

ಇಷ್ಟೊಂದು ಕೆಲಸ ಒಂದೇ ದಿನ ಒಂದೇ ಕೋಣೆಯಲ್ಲಿ ಹುಟ್ಟಲಿಲ್ಲ. ಸಂಬಳದ ಕಚೇರಿ ತನಗೆ ಬೇಕಾದಾಗ ತನ್ನದೊಂದು ಕಂಪ್ಯೂಟರ್ ತಂದಿತು. ಉಗ್ರಾಣದವರು ಇನ್ನೊಂದು ತಂದರು, ಆಸ್ಪತ್ರೆಯವರು ಮತ್ತೊಂದು. ಭೂಸೇನೆ, ನೌಕಾಸೇನೆ, ವಾಯುಸೇನೆ ಎಂದು ಮೂರು ಮನೆ. ಒಂದೊಂದು ಮನೆಯಲ್ಲೂ ಹತ್ತಾರು ಕೋಣೆ. ಹಿಂದೆ ಶಾನುಭೋಗರ ಕಡತ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲವಲ್ಲ, ಹಾಗೆಯೇ ಇವೂ. ಒಂದೊಂದು ಕೋಣೆಯ ಲೆಕ್ಕವೂ ಅದರ ಮಟ್ಟಿಗೆ ಸರಿ. ಗಂಟು ಬೀಳುವುದು ಒಂದು ಕೋಣೆಯ ವಿಷಯ ಇನ್ನೊಂದಕ್ಕೆ ಹೋಗಬೇಕಾದಾಗ.

ನಕ್ಷೆ ಎಂದರೆ ಯಾವ ನಕ್ಷೆ?

ಕರ್ನಾಟಕದಲ್ಲಿ ಜಮೀನು ಕೊಂಡವರನ್ನು ಕೇಳಿ. ಜಮೀನಿನ ವಿಷಯದಲ್ಲಿ ಮೂರು ಬಾಗಿಲು. ಪಹಣಿ ಕಂದಾಯ ಇಲಾಖೆಯದು, ಅಳತೆ ಸರ್ವೆ ಇಲಾಖೆಯದು, ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯದು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ದೊಡ್ಡ ಕೆಲಸ. ಆದರೂ ರಿಜಿಸ್ಟ್ರೇಷನ್ ಮುಗಿಸಿ ಮನೆಗೆ ಬಂದವನ ಪಹಣಿಯಲ್ಲಿ ಹಳೆಯ ಯಜಮಾನನ ಹೆಸರೇ ಉಳಿಯುತ್ತಿತ್ತು. ಯಾಕೆಂದರೆ ಕ್ರಯವಾದ ಸುದ್ದಿ ಒಂದು ಕಚೇರಿಯ ಕಂಪ್ಯೂಟರಿನಿಂದ ಇನ್ನೊಂದರ ಕಂಪ್ಯೂಟರಿಗೆ ತಾನಾಗಿ ಹೋಗುತ್ತಿರಲಿಲ್ಲ. ಮುಂದೆ ನೋಂದಣಿಯ ‘ಕಾವೇರಿ’, ಸರ್ವೆಯ ‘ಮೋಜಿಣಿ’, ಕಂದಾಯದ ‘ಭೂಮಿ’ ಮೂರನ್ನೂ ಕೂಡಿಸಿದ ಮೇಲೆ ಕ್ರಯಪತ್ರ ನೋಂದಣಿಯಾದೊಡನೆ ಖಾತೆ ಬದಲಾವಣೆಯ ಕೆಲಸ ತಾನೇ ಶುರುವಾಗುವಂತಾಯಿತು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಮೊದಲು ಆ ಭಾಗದ ಅಳತೆ ತೋರಿಸುವ 11ಇ ನಕ್ಷೆ ಬೇಕೆಂಬ ನಿಯಮವೂ ಬಂತು.

ಮೂರು ಸಾಫ್ಟ್‌ವೇರ್ ಕೂಡಿಸುವ ಮುನ್ನ ಯಾರೋ ಕೂತು ಒಂದಿಷ್ಟು ಪ್ರಶ್ನೆಗಳಿಗೆ ಉತ್ತರ ಬರೆದಿರಲೇಬೇಕು. ಜಮೀನಿನ ಯಜಮಾನ ಯಾರೆಂದು ಹೇಳುವ ಹಕ್ಕು ಯಾವ ದಾಖಲೆಗೆ? ಸರ್ವೆ ನಂಬರನ್ನು ಮೂರೂ ಕಡೆ ಒಂದೇ ರೀತಿ ಬರೆಯುತ್ತಾರೆಯೇ? ಯಾರ ಕೆಲಸ ಮುಗಿದ ಮೇಲೆ ಯಾರ ಕೆಲಸ? ನಡುವೆ ತಕರಾರು ಬಂದರೆ ಯಾರ ಮೇಜಿಗೆ ಹೋಗಬೇಕು? ಈ ಉತ್ತರಗಳನ್ನೆಲ್ಲ ಒಂದೆಡೆ ಬರೆದಿಟ್ಟ ದಾಖಲೆಯೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. ಎಂಟರ್‌ಪ್ರೈಸ್ ಅಂದರೆ ಇಡೀ ಸಂಸ್ಥೆ, ಆರ್ಕಿಟೆಕ್ಚರ್ ಅಂದರೆ ಅದರ ಕಟ್ಟಡದ ನಕ್ಷೆ.

1987ರಲ್ಲಿ ಐಬಿಎಂನ ಜಾನ್ ಝಾಕ್‌ಮನ್ ಬರೆದ ಒಂದು ಪ್ರಬಂಧದಿಂದ ಈ ವಿಚಾರಕ್ಕೆ ಒಂದು ಚೌಕಟ್ಟು ಸಿಕ್ಕಿತು. ಅವರ ಪದ್ಧತಿಯ ಬೇರು ಆರೇ ಪ್ರಶ್ನೆ: ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಯಾಕೆ. ಮನೆ ಕಟ್ಟುವಾಗ ಯಜಮಾನನಿಗೆ ತೋರಿಸುವ ಚಿತ್ರವೇ ಬೇರೆ, ಮೇಸ್ತ್ರಿಗೆ ಕೊಡುವ ನಕ್ಷೆಯೇ ಬೇರೆ, ಕರೆಂಟಿನವನ ಕೈಯಲ್ಲಿರುವುದೇ ಬೇರೆ. ಆದರೆ ಮೂರೂ ಒಂದೇ ಮನೆಯವು, ಒಂದಕ್ಕೊಂದು ಹೊಂದಲೇಬೇಕು.

ಸಾಮಾನ್ಯವಾಗಿ ಈ ನಕ್ಷೆಯಲ್ಲಿ ನಾಲ್ಕು ಅಂತಸ್ತು ಇರುತ್ತವೆ. ಎಲ್ಲಕ್ಕಿಂತ ಮೇಲೆ ಕೆಲಸ, ಅಂದರೆ ಪಿಂಚಣಿ ಮಂಜೂರು ಮಾಡುವ ಹೆಜ್ಜೆಗಳು. ಅದರ ಕೆಳಗೆ ಮಾಹಿತಿ: ಹೆಸರು, ದರ್ಜೆ, ಸೇವೆಯ ವರ್ಷ. ಆಮೇಲೆ ಆ ಮಾಹಿತಿಯನ್ನು ಬಳಸುವ ಸಾಫ್ಟ್‌ವೇರ್. ತಳದಲ್ಲಿ ಯಂತ್ರ, ಕೇಬಲ್ಲು, ಸರ್ವರು. ಓದಬೇಕಾದದ್ದು ಮೇಲಿನಿಂದ ಕೆಳಕ್ಕೆ. ತಳದಿಂದ ಶುರುಮಾಡಿ, ಮೊದಲು ಸರ್ವರ್ ಕೊಂಡು ಆಮೇಲೆ ಕೆಲಸ ಹುಡುಕಿದ ಕಚೇರಿಗಳನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. ಅಲ್ಲಿ ಹಳೆಯ ಗೊಂದಲವೇ ಇನ್ನಷ್ಟು ವೇಗವಾಗಿ ನಡೆಯುತ್ತಿತ್ತು.

ಇದರ ಜೊತೆಗೆ ನಕ್ಷೆಗೆ ಎರಡು ಕಾಲ. ‘ಈಗ ಹೇಗಿದೆ’ ಎಂಬುದು ಒಂದು, ‘ಮುಂದೆ ಹೇಗಿರಬೇಕು’ ಎಂಬುದು ಇನ್ನೊಂದು. ಇವೆರಡರ ನಡುವೆ ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯ ವಿವರ ಇರಬೇಕು: ಯಾವ ಹಳೆಯ ಸಾಫ್ಟ್‌ವೇರನ್ನು ಯಾವ ವರ್ಷ ನಿಲ್ಲಿಸುವುದು, ಅದರೊಳಗಿನ ದಾಖಲೆಗಳನ್ನು ಎಲ್ಲಿಗೆ ಸಾಗಿಸುವುದು. ಈ ಮೂರನೆಯ ಭಾಗ ಬರೆಯುವುದು ಬಹಳ ಬೇಸರದ ಕೆಲಸ. ಬಹಳ ನಕ್ಷೆಗಳು ಸೋಲುವುದೂ ಇಲ್ಲೇ.

ನಾಲ್ಕನೇ ಕ್ರಾಸ್ ಯಾವ ಬಡಾವಣೆಯದು?

ಮಾಹಿತಿಯ ಅಂತಸ್ತಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸುಬೇದಾರರ ತೊಂದರೆ ಇರುವುದು ಅಲ್ಲಿ.

ಬೆಂಗಳೂರಿನಲ್ಲಿ “ಮೂರನೇ ಮೇನ್, ನಾಲ್ಕನೇ ಕ್ರಾಸ್” ಎಂದಷ್ಟೇ ಹೇಳಿದರೆ ಯಾವ ಆಟೋದವರೂ ಹೊರಡುವುದಿಲ್ಲ. ಮಲ್ಲೇಶ್ವರದಲ್ಲೂ ನಾಲ್ಕನೇ ಕ್ರಾಸ್ ಇದೆ, ಜಯನಗರದಲ್ಲೂ ಇದೆ, ವಿಜಯನಗರದಲ್ಲೂ ಇದೆ. ಬಡಾವಣೆಯೊಳಗಿದ್ದವರಿಗೆ ಆ ವಿಳಾಸ ಸಾಕು, ಊರಿಗೆ ಸಾಲದು. ಕಂಪ್ಯೂಟರ್ ವ್ಯವಸ್ಥೆಗಳಲ್ಲೂ ಹೀಗೆಯೇ. ಒಂದು ಕಚೇರಿಯೊಳಗೆ ‘ನೌಕರ ಸಂಖ್ಯೆ 4012’ ಸ್ಪಷ್ಟ. ಎರಡು ಕಚೇರಿಯ ದಾಖಲೆ ಕೂಡಿಸಿದ ದಿನ ಇಬ್ಬರು 4012 ಎದುರುಬದುರಾಗುತ್ತಾರೆ.

ಹೆಸರಿನದು ಇನ್ನೂ ಕಷ್ಟ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗುತ್ತವೆ. ಮನೆತನದ ಹೆಸರು ಕೊನೆಗೆ ಬರಬೇಕು ಎನ್ನುವುದು ಉತ್ತರ ಭಾರತದ ಫಾರಂಗಳ ಲೆಕ್ಕ. ಬಿ. ಎಸ್. ನಂಜಪ್ಪ ಎಂಬವರು ಪಲ್ಟನ್ನಿನ ದಾಖಲೆಯಲ್ಲಿ ಬರಿಯ ನಂಜಪ್ಪ, ಬ್ಯಾಂಕಿನಲ್ಲಿ ನಂಜಪ್ಪ ಬಿ. ಎಸ್., ಆಧಾರಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು. ಮನುಷ್ಯನ ಕಣ್ಣಿಗೆ ಮೂವರೂ ಒಬ್ಬರೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಮೂವರು ಬೇರೆ ಬೇರೆ ವ್ಯಕ್ತಿಗಳು. ಒಳ್ಳೆಯ ನಕ್ಷೆ ಇದಕ್ಕೆ ಮೊದಲೇ ನಿಯಮ ಹೇಳಿರುತ್ತದೆ: ಗುರುತಿಗೆ ಹೆಸರನ್ನು ನೆಚ್ಚಬೇಡಿ, ಎಲ್ಲೆಡೆ ಒಂದೇ ಆಗಿರುವ ಸಂಖ್ಯೆಯನ್ನು ಬಳಸಿ; ಹೆಸರಿನ ಮೂಲ ದಾಖಲೆ ಇಂಥ ಕಚೇರಿಯದು, ಉಳಿದವರು ಅಲ್ಲಿಂದಲೇ ಪಡೆಯಬೇಕು.

ಸೈನ್ಯಗಳು ಇದನ್ನು ಚೆನ್ನಾಗಿ ಮಾಡಿರುವ ಉದಾಹರಣೆಯೂ ಇದೆ. ನೇಟೋ ಪದ್ಧತಿಯಲ್ಲಿ ಉಗ್ರಾಣದ ಪ್ರತಿಯೊಂದು ಸಾಮಾನಿಗೂ 13 ಅಂಕೆಯ ಸಂಖ್ಯೆ. ಮೊದಲ ನಾಲ್ಕು ಅಂಕೆ ಸಾಮಾನಿನ ವರ್ಗ, ಮುಂದಿನ ಎರಡು ಆ ಸಂಖ್ಯೆ ಕೊಟ್ಟ ದೇಶ, ಉಳಿದ ಏಳು ಆ ವಸ್ತುವಿನದೇ ಗುರುತು. ಒಂದು ಬೋಲ್ಟನ್ನು ಒಬ್ಬ ‘ಬೋಲ್ಟ್’ ಎಂದು, ಇನ್ನೊಬ್ಬ ‘ಸ್ಕ್ರೂ’ ಎಂದು ಕರೆದರೂ ಸಂಖ್ಯೆ ನೋಡಿದರೆ ಎರಡೂ ಒಂದೇ ಎಂದು ತಿಳಿಯುತ್ತದೆ. ಬೋಲ್ಟಿಗೆ ಸಿಕ್ಕ ಈ ಸ್ಪಷ್ಟತೆ ಮನುಷ್ಯನ ದಾಖಲೆಗೂ ಸಿಗಬೇಕು ಎಂಬುದೇ ನನ್ನ ಆಸೆ.

ಪೆಂಟಗನ್ನಿನ ಅನುಭವ

ಸೈನ್ಯದ ಆಡಳಿತಕ್ಕೆ ನಕ್ಷೆ ಬರೆಯುವ ಕೆಲಸವನ್ನು ಜಗತ್ತಿನಲ್ಲೇ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು ಅಮೆರಿಕದ ರಕ್ಷಣಾ ಇಲಾಖೆ, ಅಂದರೆ ಪೆಂಟಗನ್. ಅಲ್ಲಿ ಏನಾಯಿತೆಂದು ವರ್ಷ ವರ್ಷವೂ ಪರಿಶೀಲಿಸಿ ಬಹಿರಂಗವಾಗಿ ಬರೆದದ್ದು ಅಲ್ಲಿನ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ ಜಿಎಒ. ಹಾಗಾಗಿ ಗೆಲುವು ಸೋಲು ಎರಡನ್ನೂ ಹತ್ತಿರದಿಂದ ನೋಡಬಹುದು.

ಜಿಎಒ ಈ ಇಲಾಖೆಯ ಆಡಳಿತ ವ್ಯವಸ್ಥೆಗಳ ಸುಧಾರಣೆಯನ್ನು ‘ಹೆಚ್ಚು ಅಪಾಯದ’ ಪಟ್ಟಿಗೆ ಸೇರಿಸಿದ್ದು 1995ರಲ್ಲಿ. 2001ರ ಸೆಪ್ಟೆಂಬರ್ 10ರಂದು ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಮಾಡಿದ ಭಾಷಣದಲ್ಲಿ, ಕೆಲವು ಅಂದಾಜಿನ ಪ್ರಕಾರ 2.3 ಲಕ್ಷ ಕೋಟಿ ಡಾಲರಿನಷ್ಟು ವ್ಯವಹಾರಗಳ ಜಾಡು ಹಿಡಿಯಲು ತಮ್ಮಿಂದ ಆಗುತ್ತಿಲ್ಲ ಎಂದರು. ಈ ಮಾತನ್ನು ಅಷ್ಟು ಹಣ ಕಳುವಾಯಿತು ಎಂದು ತಪ್ಪಾಗಿ ಓದಿದವರು ಬಹಳ. ಅವರು ಹೇಳಿದ್ದು ಜಾಡು ಸಿಗುತ್ತಿಲ್ಲ ಎಂದು. ಕಿರ್ದಿಯಲ್ಲಿ ಒಂದು ಮೊತ್ತ, ಖಾತೆಯಲ್ಲಿ ಇನ್ನೊಂದು, ನಡುವಿನ ರಸೀದಿ ಮೂರನೆಯ ಕಚೇರಿಯ ಕಂಪ್ಯೂಟರಿನಲ್ಲಿ ಎಂದಾದಾಗ ಆಗುವುದು ಇದೇ.

ಕೆಳಗಿದ್ದವರಿಗೆ ಇದು ಹೇಗೆ ತಟ್ಟಿತು? 2002ರಲ್ಲಿ ಬೆಳಕಿಗೆ ಬಂದ ಸಂಗತಿ ಇದು: ವಿಷಾನಿಲದಿಂದ ರಕ್ಷಿಸುವ ಉಡುಪೊಂದನ್ನು ಇಲಾಖೆ 200 ಡಾಲರಿಗೂ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದ ಕಾಲದಲ್ಲೇ, ಅದೇ ಬಗೆಯ ಉಡುಪುಗಳನ್ನು ‘ಹೆಚ್ಚುವರಿ’ ಎಂದು ಇಂಟರ್‌ನೆಟ್ಟಿನಲ್ಲಿ 3 ಡಾಲರಿಗೂ ಕಡಿಮೆಗೆ ಮಾರುತ್ತಿತ್ತು. ಒಂದು ಉಗ್ರಾಣದಲ್ಲಿ ಮಿಕ್ಕದ್ದು ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. 2003ರಲ್ಲಿ ಜಿಎಒ ಅಲ್ಲಿನ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್‌ನ ಆರು ಪಡೆಗಳನ್ನು ಪರಿಶೀಲಿಸಿದಾಗ 481 ಸೈನಿಕರಲ್ಲಿ 450 ಮಂದಿಗೆ ಸಂಬಳದಲ್ಲಿ ಒಂದಲ್ಲ ಒಂದು ತಪ್ಪಾಗಿತ್ತು. ಯುದ್ಧಭೂಮಿಗೆ ಕಳುಹಿಸಿದ ಆದೇಶ ಒಂದು ವ್ಯವಸ್ಥೆಯಲ್ಲಿ, ಸಂಬಳ ಲೆಕ್ಕ ಹಾಕುವುದು ಇನ್ನೊಂದರಲ್ಲಿ. ನಡುವೆ ಜನ ಕೂತು ಕೈಯಿಂದ ಮತ್ತೆ ತುಂಬಬೇಕಿತ್ತು. ಈ ಅಂಕಿಯನ್ನು ಮೊದಲು ಓದಿದಾಗ ನಾನು ಬಹಳ ಹೊತ್ತು ಅಲ್ಲೇ ನಿಂತೆ. ಸಂಬಳ ಸರಿಯಾಗಿ ಬಂದವರು 31 ಮಂದಿ ಮಾತ್ರ.

ಇಲಾಖೆ 2001ರಲ್ಲೇ ಸುಧಾರಣೆಯ ಕಾರ್ಯಕ್ರಮ ಶುರುಮಾಡಿತು. ಇಡೀ ಇಲಾಖೆಗೆ ಒಂದೇ ನಕ್ಷೆ ಬರೆಯಬೇಕೆಂದು ಅಮೆರಿಕದ ಸಂಸತ್ತು ಕಾನೂನಿನಲ್ಲೇ ಹೇಳಿತು. 2005ರ ವೇಳೆಗೆ ಇಲಾಖೆ ತಾನೇ ಎಣಿಸಿ ಹೇಳಿದ ಆಡಳಿತ ವ್ಯವಸ್ಥೆಗಳು 4,000ಕ್ಕೂ ಹೆಚ್ಚು. ಅವುಗಳ ವರ್ಷದ ಖರ್ಚು ಸುಮಾರು 1,300 ಕೋಟಿ ಡಾಲರ್. ಅದೇ 2005ರಲ್ಲಿ ಜಿಎಒ ಬರೆದದ್ದು: ಹೆಚ್ಚುಕಡಿಮೆ ನಾಲ್ಕು ವರ್ಷ, ಸುಮಾರು 31.8 ಕೋಟಿ ಡಾಲರ್ ಹೋದ ಮೇಲೂ ಉಪಯೋಗಕ್ಕೆ ಬರುವ ನಕ್ಷೆ ಕೈಗೆ ಬಂದಿಲ್ಲ.

ಆಮೇಲೆ ದಾರಿ ಬದಲಾಯಿತು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯುವ ಹಟ ಬಿಟ್ಟು, ಮೇಲಿನ ಮಟ್ಟದ ನಿಯಮಗಳನ್ನು ಕೇಂದ್ರ ಕಚೇರಿ ಬರೆಯುವುದು, ಅದಕ್ಕೆ ಹೊಂದುವಂತೆ ಆಯಾ ಸೇನೆ ತನ್ನ ನಕ್ಷೆ ಬರೆದುಕೊಳ್ಳುವುದು ಎಂದಾಯಿತು. ಲೆಕ್ಕದ ಶೀರ್ಷಿಕೆಗಳನ್ನು ಎಲ್ಲರೂ ಒಂದೇ ರೀತಿ ಬರೆಯಲು ಒಂದು ಮಾದರಿ ಸಿದ್ಧವಾಯಿತು. ಜೊತೆಗೆ ಕಾನೂನಿಗೆ ಹಲ್ಲು ಬಂತು: 10 ಲಕ್ಷ ಡಾಲರಿಗಿಂತ ಹೆಚ್ಚಿನ ಯಾವುದೇ ಆಧುನೀಕರಣದ ಕೆಲಸ ನಕ್ಷೆಗೆ ಹೊಂದುತ್ತದೆ ಎಂದು ಮೇಲಧಿಕಾರಿಗಳು ಪ್ರಮಾಣೀಕರಿಸದೆ ಹಣ ಖರ್ಚು ಮಾಡುವಂತಿರಲಿಲ್ಲ.

ಇಷ್ಟಾದರೂ 2013ರಲ್ಲಿ ಜಿಎಒ ಮಾತು ಬಹಳ ಬದಲಾಗಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ, ಕನಿಷ್ಠ 37.9 ಕೋಟಿ ಡಾಲರ್. ಆದರೂ ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಹೇಳುವ ಶಕ್ತಿ ಆ ನಕ್ಷೆಗೆ ಅಷ್ಟಾಗಿ ಬಂದಿಲ್ಲ ಎಂದಿತು.

ನಕ್ಷೆಯ ಹೊರಗೆ ಏನಾಗುತ್ತಿತ್ತು ಎಂಬುದಕ್ಕೆ ಅಮೆರಿಕದ ವಾಯುಸೇನೆಯ ಇಸಿಎಸ್‌ಎಸ್ ಯೋಜನೆ ಸಾಕ್ಷಿ. ಬಿಡಿಭಾಗ, ಉಗ್ರಾಣ, ಸಾಗಾಣಿಕೆಗೆಂದು ಇದ್ದ 200ಕ್ಕೂ ಹೆಚ್ಚು ಹಳೆಯ ವ್ಯವಸ್ಥೆಗಳ ಜಾಗದಲ್ಲಿ ಒಂದೇ ಹೊಸದನ್ನು ತರುವುದು ಅದರ ಗುರಿ. ಸುಮಾರು 103 ಕೋಟಿ ಡಾಲರ್ ಖರ್ಚಾದ ಮೇಲೆ 2012ರ ನವೆಂಬರಿನಲ್ಲಿ ಅದನ್ನು ಕೈಬಿಟ್ಟರು. ಇನ್ನೂ 110 ಕೋಟಿ ಹಾಕಿದರೂ ಅಂದುಕೊಂಡದ್ದರಲ್ಲಿ ಕಾಲು ಭಾಗವಷ್ಟೇ, ಅದೂ 2020ಕ್ಕೆ, ಸಿಗುತ್ತದೆ ಎಂಬ ಅಂದಾಜು ಬಂದಿತ್ತು. 2014ರಲ್ಲಿ ಸೆನೆಟ್ಟಿನ ತನಿಖಾ ಸಮಿತಿ ತೋರಿಸಿದ ಕಾರಣಗಳಲ್ಲಿ ತಂತ್ರಜ್ಞಾನಕ್ಕಿಂತ ಮನುಷ್ಯರದೇ ಹೆಚ್ಚು. ಹಳೆಯ ಕೆಲಸದ ಕ್ರಮವನ್ನು ಬದಲಿಸಿಕೊಳ್ಳದೆ ಹೊಸ ಸಾಫ್ಟ್‌ವೇರನ್ನೇ ಹಳೆಯ ಕ್ರಮಕ್ಕೆ ಬಗ್ಗಿಸಲು ಹೊರಟದ್ದು ಒಂದು. ಎಂಟು ವರ್ಷದಲ್ಲಿ ಆರು ಮಂದಿ ಯೋಜನಾ ಮುಖ್ಯಸ್ಥರು ಬದಲಾದದ್ದು ಇನ್ನೊಂದು.

ಫಲ ಒಂದೂ ಇಲ್ಲವೆಂದಲ್ಲ. 2018ರಿಂದ ಇಡೀ ಇಲಾಖೆಯ ಲೆಕ್ಕ ಪರಿಶೋಧನೆ ಪ್ರತಿವರ್ಷ ನಡೆಯುತ್ತಿದೆ. 2024ರವರೆಗೆ ಏಳೂ ಸಲ ಅಭಿಪ್ರಾಯ ಹೇಳುವಷ್ಟು ಆಧಾರ ಸಿಗಲಿಲ್ಲ ಎಂದೇ ಪರಿಶೋಧಕರು ಬರೆದರು. ಆದರೆ ಅದೇ ಇಲಾಖೆಯ ಮರೀನ್ ಕೋರ್ ಎಂಬ ಸೇನೆ 2023ರ ಲೆಕ್ಕಕ್ಕೆ ತಕರಾರಿಲ್ಲದ ಅಭಿಪ್ರಾಯ ಪಡೆಯಿತು.

ನಕ್ಷೆಯನ್ನು ಒರೆಗೆ ಹಚ್ಚುವುದು ಹೇಗೆ?

ಹಾಗಾದರೆ ಒಂದು ನಕ್ಷೆ ಒಳ್ಳೆಯದೋ ಅಲ್ಲವೋ ಎಂದು ಹೇಗೆ ಹೇಳುವುದು? ಜಿಎಒ ಇದಕ್ಕೊಂದು ಅಳತೆಗೋಲು ಮಾಡಿಟ್ಟಿದೆ. 2010ರ ಆವೃತ್ತಿಯಲ್ಲಿ ಸೊನ್ನೆಯಿಂದ ಆರರವರೆಗೆ ಏಳು ಹಂತ, ಒಟ್ಟು 59 ಅಂಶ. ನಕ್ಷೆಗೆ ಹೊಣೆಗಾರರು ಇದ್ದಾರೆಯೇ, ಕಾಲಕಾಲಕ್ಕೆ ತಿದ್ದುತ್ತಾರೆಯೇ, ಹಣ ಹಂಚುವವರು ಅದನ್ನು ನೋಡಿ ಹಂಚುತ್ತಾರೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ.

59 ಅಂಶವನ್ನು ಇಲ್ಲಿ ಎಣಿಸುವುದು ಬೇಡ. ಅವುಗಳ ತಿರುಳಿಗೆ ನಮ್ಮ ಊರಿನ ರಸ್ತೆಯೇ ಸಾಕು. ಡಾಂಬರು ಹಾಕಿ ಹದಿನೈದು ದಿನಕ್ಕೆ ನೀರಿನವರು ಅಗೆಯುತ್ತಾರೆ, ಮುಚ್ಚಿದ ಮೇಲೆ ಕೇಬಲಿನವರು. ಕೊಳವೆ, ಕೇಬಲ್ಲು, ಚರಂಡಿ ಎಲ್ಲ ತೋರಿಸುವ ಒಂದು ಒಳ್ಳೆಯ ನಕ್ಷೆ ಯಾವುದೋ ಕಚೇರಿಯ ಗೋಡೆಯ ಮೇಲೆ ಇದೆ ಎಂದುಕೊಳ್ಳೋಣ. ಡಾಂಬರಿನ ಬಿಲ್ಲಿಗೆ ಸಹಿ ಹಾಕುವವರು ಅದನ್ನು ನೋಡದಿದ್ದರೆ? “ಮುಂದಿನ ತಿಂಗಳು ಇಲ್ಲಿ ಕೊಳವೆ ಹಾಕಲಿಕ್ಕಿದೆ, ಈಗ ಡಾಂಬರು ಬೇಡ” ಎಂದು ಕೆಲಸ ತಡೆಯುವ ಅಧಿಕಾರ ಯಾರಿಗೂ ಇಲ್ಲದಿದ್ದರೆ? ನಕ್ಷೆ ಎಷ್ಟು ಚಂದವಾಗಿದ್ದರೂ ರಸ್ತೆ ಅಗೆತ ನಿಲ್ಲುವುದಿಲ್ಲ.

ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ನಕ್ಷೆ ನೋಡಿ ಕಳೆದ ವರ್ಷ ಯಾವ ಖರೀದಿಯನ್ನು ನಿಲ್ಲಿಸಿದಿರಿ? ಒಂದನ್ನೂ ನಿಲ್ಲಿಸಿಲ್ಲ ಎಂದಾದರೆ ಅದು ಇನ್ನೂ ಕಾಗದದ ಮೇಲಿನ ಚಿತ್ರ. ಪೆಂಟಗನ್ನಿನಲ್ಲಿ 10 ಲಕ್ಷ ಡಾಲರಿನ ನಿಯಮ ಬಂದದ್ದೇ ಈ ಕಾರಣಕ್ಕೆ. ಆದರೆ ಅದರ ಆಚರಣೆಯಲ್ಲೂ ಒಂದು ಗುಂಡಿ ಇತ್ತು. ನಕ್ಷೆಗೆ ಹೊಂದುತ್ತದೆ ಎಂದು ಯೋಜನೆಯವರು ತಾವೇ ಬರೆದುಕೊಟ್ಟದ್ದನ್ನು ಬೇರೆಯವರು ಪರಿಶೀಲಿಸುವುದು ಕಡಿಮೆ ಎಂದು ಜಿಎಒ ಮತ್ತೆ ಮತ್ತೆ ಎತ್ತಿ ತೋರಿಸಿತು. ಪರೀಕ್ಷೆ ಬರೆದವನೇ ಅಂಕ ಹಾಕಿಕೊಂಡ ಹಾಗೆ.

ಎರಡನೆಯದು, ಎಷ್ಟು ಹಳೆಯ ವ್ಯವಸ್ಥೆಗಳನ್ನು ನಿಜವಾಗಿ ಮುಚ್ಚಿದಿರಿ ಎಂಬುದು. ಹೊಸದು ಶುರುವಾದದ್ದನ್ನು ಎಲ್ಲರೂ ಉದ್ಘಾಟನೆ ಮಾಡಿ ಹೇಳುತ್ತಾರೆ. ಹಳೆಯದು ಪಕ್ಕದಲ್ಲೇ ನಡೆಯುತ್ತಿದ್ದರೆ ಎರಡಕ್ಕೂ ಖರ್ಚು, ಎರಡು ಸತ್ಯ, ಸಿಬ್ಬಂದಿಗೆ ಎರಡು ಪಟ್ಟು ಕೆಲಸ.

ಇನ್ನು ಮೂರನೆಯದು ಅಳೆಯಲು ಸುಲಭ, ಅಳೆಯುವವರು ಕಡಿಮೆ: ಒಂದೇ ಮಾಹಿತಿಯನ್ನು ಒಬ್ಬ ಮನುಷ್ಯ ಎಷ್ಟು ಸಲ ಕೊಡಬೇಕಾಗುತ್ತದೆ? ಸುಬೇದಾರರು ನನ್ನನ್ನು ಕೇಳಿದ್ದು ಇದನ್ನೇ.

ಪೇಟೆ ಮತ್ತು ದಂಡು

ಇದೇ ಕೆಲಸ ಬ್ಯಾಂಕಿನಲ್ಲೋ ಖಾಸಗಿ ಕಂಪನಿಯಲ್ಲೋ ಸ್ವಲ್ಪ ಸಲೀಸು. ಸೈನ್ಯದಲ್ಲಿ ಯಾಕೆ ಇಷ್ಟು ಕಷ್ಟ?

ಬೆಂಗಳೂರಿಗೆ ಇದು ಅರ್ಥವಾಗುವ ಮಾತು. 1809ರಲ್ಲಿ ಬ್ರಿಟಿಷರ ದಂಡು ಬಂದ ಮೇಲೆ ಒಂದೇ ಊರಿನಲ್ಲಿ ಎರಡು ಊರು ಬೆಳೆದವು. ಪೇಟೆಯ ಕಡೆ ಅಕ್ಕಿಪೇಟೆ, ಬಳೆಪೇಟೆ, ಕುಂಬಾರಪೇಟೆ ಎಂದು ಕಸುಬಿಗೊಂದು ಬೀದಿ. ದಂಡಿನ ಕಡೆ ಪರೇಡ್ ಮೈದಾನ, ಬಂಗಲೆ, ಬ್ಯಾರಕ್ಕು. ಎರಡಕ್ಕೂ ಬೇರೆ ಆಡಳಿತ, ಬೇರೆ ಪುರಸಭೆ. ಎರಡೂ ಕೂಡಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಅಷ್ಟರಲ್ಲಿ ಎರಡು ಕಡೆಯೂ ಒಂದು ಶತಮಾನಕ್ಕಿಂತ ಹೆಚ್ಚಿನ ರೂಢಿ ಬೇರೂರಿತ್ತು.

ಮೂರು ಸೇನೆಗಳದೂ ಹೀಗೆಯೇ. ಒಂದೊಂದಕ್ಕೂ ತನ್ನ ಚರಿತ್ರೆ, ತನ್ನ ಬಜೆಟ್ಟು, ತನ್ನ ದರ್ಜೆಗಳ ಹೆಸರು. ತನ್ನ ಕೆಲಸಕ್ಕೆ ತಾನೇ ಸಾಕಾಗಬೇಕು ಎಂಬುದು ಸೈನ್ಯದ ತರಬೇತಿಯಲ್ಲೇ ಇದೆ, ಯುದ್ಧದಲ್ಲಿ ಅದು ದೊಡ್ಡ ಗುಣ. ಆಡಳಿತದ ಕಂಪ್ಯೂಟರಿನಲ್ಲಿ ಅದೇ ಗುಣ ಗೋಡೆಯಾಗುತ್ತದೆ. ಅಧಿಕಾರಿಗಳಿಗೆ ಎರಡು ಮೂರು ವರ್ಷಕ್ಕೆ ವರ್ಗಾವಣೆ. ನಕ್ಷೆಯ ಕೆಲಸ ಹತ್ತು ವರ್ಷದ್ದು. ಕಂಪನಿ ಸೋತರೆ ಮುಚ್ಚುತ್ತದೆ, ಆ ಭಯ ಅಲ್ಲಿ ಬದಲಾವಣೆ ತರುತ್ತದೆ. ಸೈನ್ಯ ಒಂದು ದಿನವೂ ನಿಲ್ಲುವಂತಿಲ್ಲ. ಹಾಗಾಗಿ ಹಳೆಯದನ್ನು ನಿಲ್ಲಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಇದರ ಮೇಲೆ ಗೋಪ್ಯತೆ ಬೇರೆ. ಎಲ್ಲವನ್ನೂ ಎಲ್ಲಕ್ಕೂ ಜೋಡಿಸುವುದು ಅಪಾಯವೂ ಹೌದು. ಯಾವುದನ್ನು ಜೋಡಿಸಬಾರದು ಎಂಬುದನ್ನೂ ನಕ್ಷೆಯೇ ಹೇಳಬೇಕು.

ನಮ್ಮ ‘ಸ್ಪರ್ಶ್’

ಭಾರತದಲ್ಲಿ ಸರ್ಕಾರಿ ಇಲಾಖೆಗಳಿಗೆಲ್ಲ ಅನ್ವಯಿಸುವಂಥ ಆರ್ಕಿಟೆಕ್ಚರ್ ಚೌಕಟ್ಟೊಂದನ್ನು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ‘ಇಂಡ್‌ಇಎ’ (ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್) ಎಂಬ ಹೆಸರಿನಲ್ಲಿ ಸಿದ್ಧಪಡಿಸಿದೆ. ಆದರೆ ಸಾಮಾನ್ಯ ಸೈನಿಕ ಕುಟುಂಬಕ್ಕೆ ಈ ಬದಲಾವಣೆ ಮುಟ್ಟಿದ್ದು ರಕ್ಷಣಾ ಪಿಂಚಣಿಯ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ.

ಮೊದಲು ಹೇಗಿತ್ತೆಂದರೆ, ಭೂಸೇನೆಯವರ ಪಿಂಚಣಿ ಮಂಜೂರಾಗುತ್ತಿದ್ದುದು ಪ್ರಯಾಗರಾಜದಲ್ಲಿ, ನೌಕಾಸೇನೆಯವರದು ಮುಂಬೈಯಲ್ಲಿ, ವಾಯುಸೇನೆಯವರದು ದೆಹಲಿಯಲ್ಲಿ. ಮಂಜೂರಾದ ಮೇಲೆ ಲೆಕ್ಕ ಹಾಕಿ ಹಣ ಕೊಡುವುದು ಬ್ಯಾಂಕು, ಟ್ರೆಜರಿ, ರಕ್ಷಣಾ ಪಿಂಚಣಿ ವಿತರಣಾ ಕಚೇರಿಗಳ ಕೆಲಸ. ‘ಒಂದು ಶ್ರೇಣಿ ಒಂದು ಪಿಂಚಣಿ’ಯಂಥ ನಿಯಮ ಬಂದಾಗ ಒಂದೊಂದು ಬ್ಯಾಂಕೂ ತನ್ನ ಕಂಪ್ಯೂಟರಿನಲ್ಲಿ ತಾನೇ ಲೆಕ್ಕ ತಿದ್ದಬೇಕಿತ್ತು. 2021ರಿಂದ ಸ್ಪರ್ಶ್ ಬಂದ ಮೇಲೆ ಮಂಜೂರಾತಿ, ಲೆಕ್ಕ, ಪಾವತಿ ಎಲ್ಲ ಒಂದೇ ವ್ಯವಸ್ಥೆಯೊಳಗೆ. ಬ್ಯಾಂಕು ಬರಿಯ ಖಾತೆ. ನಕ್ಷೆಯ ದೃಷ್ಟಿಯಿಂದ ಇದು ನಿಜವಾದ ಸುಧಾರಣೆ. ನಿಯಮ ಒಂದು ಕಡೆ ಬದಲಾದರೆ ಎಲ್ಲರಿಗೂ ಬದಲಾಗುತ್ತದೆ, ತನ್ನ ಲೆಕ್ಕ ಹೇಗೆ ಬಂತೆಂದು ಪಿಂಚಣಿದಾರರೇ ತೆರೆದು ನೋಡಬಹುದು.

ಹಳೆಯ ದಾಖಲೆಗಳನ್ನು ಸ್ಪರ್ಶ್‌ಗೆ ಸಾಗಿಸುವ ದಾರಿ ಮಾತ್ರ ಕಲ್ಲುಮುಳ್ಳಿನದಾಗಿತ್ತು. 2022ರ ಏಪ್ರಿಲ್ ತಿಂಗಳ ಪಿಂಚಣಿ 58,275 ಮಂದಿಗೆ ತಿಂಗಳ ಕೊನೆಗೆ ಸೇರಲಿಲ್ಲ. ಬ್ಯಾಂಕುಗಳಿಂದ ಸ್ಪರ್ಶ್‌ಗೆ ವರ್ಗವಾಗಿದ್ದ ಅವರ ವಾರ್ಷಿಕ ಗುರುತಿನ ದೃಢೀಕರಣ ಬ್ಯಾಂಕುಗಳಿಂದ ಬಂದಿರಲಿಲ್ಲ ಎಂಬುದು ರಕ್ಷಣಾ ಸಚಿವಾಲಯ ಕೊಟ್ಟ ಕಾರಣ. ಸಚಿವಾಲಯ ಮೇ 25ರವರೆಗೆ ಒಂದು ಸಲದ ವಿನಾಯಿತಿ ಕೊಟ್ಟು ಹಣ ಬಿಡುಗಡೆ ಮಾಡಿತು. ಇಲ್ಲಿ ಹಣ ಕೊಡುವ ಹೊಣೆ ಹೊಸ ಮನೆಗೆ ಬಂದಿತ್ತು, ಬದುಕಿದ್ದಾರೆಯೇ ಎಂಬ ಮಾಹಿತಿ ಹಳೆಯ ಮನೆಯಲ್ಲೇ ಉಳಿದಿತ್ತು. ‘ಈಗ’ ಮತ್ತು ‘ಮುಂದೆ’ ಎಂಬ ಎರಡು ನಕ್ಷೆಗಳ ನಡುವಿನ ದಾರಿಯೇ ಕಷ್ಟ ಎಂದು ಮೇಲೆ ಹೇಳಿದ್ದು ಇದಕ್ಕೇ.

ಸಾಫ್ಟ್‌ವೇರ್ ಹಳೆಯ ತಪ್ಪನ್ನು ಹುಟ್ಟಿಸುವುದಿಲ್ಲ, ಹೊರಗೆ ತರುತ್ತದೆ. 1970ರಲ್ಲೋ 80ರಲ್ಲೋ ಪಲ್ಟನ್ನಿನ ಗುಮಾಸ್ತರು ಕೇಳಿಸಿಕೊಂಡಂತೆ ಬರೆದ ಹೆಂಡತಿಯ ಹೆಸರು ಐವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿರುತ್ತದೆ. ಅದು ಬೇಕಾಗುವುದು ಕುಟುಂಬ ಪಿಂಚಣಿಯ ದಿನ. ಅದನ್ನು ತಿದ್ದಿಸಲು ಸುಲಭವಾಗಿ ಓಡಾಡಬಲ್ಲ ವ್ಯಕ್ತಿ ಆ ದಿನ ಇರುವುದಿಲ್ಲ.

ಸುಬೇದಾರರ ಹೆಸರಿನ ಗಂಟು ಬಿಡಿಸಿದ ಮೇಲೆ ನಾವಿಬ್ಬರೂ ಅವರ ಸ್ಪರ್ಶ್ ಖಾತೆಯನ್ನು ಒಂದು ಸಂಜೆ ಪೂರ್ತಿ ತೆರೆದು ಕೂತೆವು. ಹುಟ್ಟಿದ ದಿನ, ದರ್ಜೆ, ಸೇವೆಯ ವರ್ಷ, ಬ್ಯಾಂಕು, ಮೊಬೈಲ್ ಎಲ್ಲ ಸರಿಯಿತ್ತು. ಹೆಂಡತಿಯ ಹೆಸರಿನ ಮುಂದೆ ನಿಂತರು. ಅಲ್ಲಿ ಅವರ ತವರಿನ ಹೆಸರಿತ್ತು, ಆಧಾರಿನಲ್ಲಿ ಇದ್ದದ್ದು ಮದುವೆಯಾದ ಮೇಲಿನ ಹೆಸರು. ಕನ್ನಡಕ ತೆಗೆದು ಒರೆಸಿಕೊಂಡು, ಒಳಗೆ ಕೂಗಿ ಹೇಳಿದರು: “ಬಾರೇ ಇಲ್ಲಿ, ನಿನ್ನ ಮದುವೆ ಕಾಗದ ಎಲ್ಲಿಟ್ಟಿದೀಯ ನೋಡು. ನಾಳೇನೇ ಹೋಗೋಣ.”